ಅಡುಗೆಮನೆ ಫಿಟಿಂಗ್ ಕೊನೆಯಲ್ಲಿ ನಿಂತಾಗ: ಬಡಗಿಯೊಂದಿಗೆ ಬಗೆಹರಿಸಿಕೊಳ್ಳುವ ಬಗೆ

ಬಡಗಿಯ ಲೆಕ್ಕದಲ್ಲಿ ಪೆಟ್ಟಿಗೆಗಳು ಗೋಡೆಗೆ ಕೂತು ಬಾಗಿಲು ಮುಚ್ಚಿಕೊಂಡರೆ ಕೆಲಸ ಮುಗಿದ ಹಾಗೆ. ಮನೆಯವರ ಲೆಕ್ಕದಲ್ಲಿ ಪೆಟ್ಟಿಗೆಗಳ ಬುಡ ಮುಚ್ಚುವ ಸ್ಕರ್ಟಿಂಗ್ ಪಟ್ಟಿ, ಗೋಡೆಯ ಪಕ್ಕದ ಸಂದು ಮುಚ್ಚುವ ಮೂಲೆಯ ಫಿಲ್ಲರ್ ಪಟ್ಟಿ, ಸಿಂಕಿನ ಸುತ್ತ ನೀರು ಇಳಿಯದಂತೆ ಹಾಕುವ ಸಿಲಿಕಾನ್ ಅಂಟು ಆಗುವವರೆಗೂ ಮುಗಿದಿಲ್ಲ. ಜಗಳ ಹುಟ್ಟುವುದು ಇಲ್ಲೇ. ಫೋನ್ ಮಾಡುವ ಮುಂಚೆ ಟೇಪು, ಸ್ಟೀಲ್ ಸ್ಕೇಲು, ರಸಮಟ್ಟ (ಸ್ಪಿರಿಟ್ ಲೆವೆಲ್) ಕೈಗೆ ತೆಗೆದುಕೊಳ್ಳಿ.

ಒಂದು ಮೂಲೆಯಿಂದ ಶುರುಮಾಡಿ ಪ್ರತಿ ಪೆಟ್ಟಿಗೆಯನ್ನೂ ನೋಡುತ್ತಾ ಬನ್ನಿ. "ಬಾಗಿಲು ಸರಿಯಿಲ್ಲ" ಎಂದರೆ "ಸರಿಯಾಗೇ ಇದೆಯಲ್ಲ" ಎಂಬ ಉತ್ತರ ಬರುತ್ತದೆ. "ಸಿಂಕಿನ ಬಲಗಡೆಯ ಜೋಡಿ ಬಾಗಿಲ ಸಂದು ಮೇಲೆ 2 ಮಿ.ಮೀ., ಕೆಳಗೆ 5 ಮಿ.ಮೀ." ಎಂದು ಬರೆದರೆ ವಾದಕ್ಕೆ ಜಾಗವಿಲ್ಲ. ಪಕ್ಕಪಕ್ಕದ ಬಾಗಿಲುಗಳ ನಡುವೆ ಸಾಮಾನ್ಯವಾಗಿ 2–3 ಮಿ.ಮೀ. ಬಿಡುತ್ತಾರೆ, ಅಳತೆಗಿಂತಲೂ ಅದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇರುವುದು ಮುಖ್ಯ. ಫೋಟೋದಲ್ಲಿ ಸ್ಕೇಲು ಸಂದಿನ ಮೇಲೇ ಕಾಣಲಿ.

ಈಗ ಹೀಗೆ ಬರೆದ ದೋಷಗಳ ಪಟ್ಟಿಯನ್ನು ವಿಂಗಡಿಸಿ: ಮಾಡದೆ ಬಿಟ್ಟದ್ದು, ಮಾಡಿ ಕೆಡಿಸಿದ್ದು, ಒಪ್ಪಂದದಲ್ಲೇ ಇಲ್ಲದ್ದು. ಮೂರನೆಯದನ್ನು ಪ್ರಾಮಾಣಿಕವಾಗಿ ಬೇರೆ ಇಡಿ. ಆಮೇಲೆ ಹೊಳೆದ ಕಪಾಟಿನ ದೀಪವನ್ನು ಬಾಕಿ ಕೆಲಸದ ಜೊತೆ ಸೇರಿಸಿದರೆ ಉಳಿದ ನ್ಯಾಯವಾದ ಮಾತುಗಳೂ ಹಗುರಾಗುತ್ತವೆ.

ಓರೆ ಬಾಗಿಲು ಹೆಚ್ಚಾಗಿ ಅದರ ಕೀಲಾದ ಹಿಂಜ್‌ನ ತಿರುಪುಗಳಿಂದಲೇ ಸರಿಹೋಗುತ್ತದೆ: ಎಡ-ಬಲ, ಒಳ-ಹೊರ, ಮೇಲೆ-ಕೆಳಗೆ. ಆದರೆ ರಸಮಟ್ಟವನ್ನು ಬಾಗಿಲಿಗಲ್ಲ, ಪೆಟ್ಟಿಗೆಗೆ ಇಟ್ಟು ನೋಡಿ. ಪೆಟ್ಟಿಗೆಯೇ ವಾಲಿದ್ದರೆ ಹಿಂಜ್ ತಿರುಗಿಸುವುದು ದೋಷವನ್ನು ಮುಚ್ಚಿಡುತ್ತದೆ ಅಷ್ಟೆ. ಕೆಳಗಿನ ಕಾಲುಗಳನ್ನು ಹೊಂದಿಸಬೇಕು. ಕಟ್ಟೆಯ ಕಲ್ಲು ಕೂರಿಸುವ ಮುಂಚೆ ಇದು ಸುಲಭ, ಆಮೇಲೆ ಕಲ್ಲಿನ ಜಾಯಿಂಟ್ ಬಿಡುವ ಭಯ.

"ಗೋಡೆಯೇ ನೆಟ್ಟಗಿಲ್ಲ" ಎನ್ನುವುದು ಎಷ್ಟೋ ಸಲ ನಿಜ. ಉದ್ದನೆಯ ನೇರ ಪಟ್ಟಿ ಹಿಡಿದರೆ ಗೊತ್ತಾಗುತ್ತದೆ. ಆದರೆ ಫಿಲ್ಲರ್ ಪಟ್ಟಿ ಇರುವುದೇ ಅದಕ್ಕಾಗಿ: ಗೋಡೆಯ ಉಬ್ಬುತಗ್ಗಿನ ಗೆರೆ ಎಳೆದು, ಅದರಂತೆ ಕೊಯ್ದು ಕೂರಿಸಬೇಕು. ಅಗಲ ಸಂದಿಗೆ ಬರೀ ಸಿಲಿಕಾನ್ ತುಂಬಿದರೆ ಕುಗ್ಗಿ ಬಿರಿಯುತ್ತದೆ, ಅದನ್ನು ಒಪ್ಪಬೇಡಿ.

ಎಲ್ಲಕ್ಕಿಂತ ಮೊದಲು ಕೇಳಬೇಕಾದವು ಎರಡು. ಮೇಲಿನ ಕಪಾಟು ಗೋಡೆಯಲ್ಲಿ ಅಲುಗಾಡುತ್ತಿದ್ದರೆ ಪಾತ್ರೆ ಇಡಬೇಡಿ, ಅದೇ ದಿನ ತಿಳಿಸಿ. ಇನ್ನೊಂದು, ನೀರು ತಾಗುವ ಜಾಗ: ಸಿಂಕಿಗಾಗಿ ಕೊಯ್ದು ಮುಚ್ಚದೆ ಬಿಟ್ಟ ಅಂಚು, ಎಡ್ಜ್ ಬ್ಯಾಂಡ್ (ಅಂಚು ಮುಚ್ಚುವ ಪಟ್ಟಿ) ಇಲ್ಲದ ಹಲಗೆಯ ಬದಿ, ಕಟ್ಟೆ ಗೋಡೆಗೆ ಸೇರುವ ಗೆರೆ. ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ನೀರು ಕುಡಿದು ಉಬ್ಬಿದರೆ ಮತ್ತೆ ಇಳಿಯುವುದಿಲ್ಲ, ಆ ಹಲಗೆ ಹೋಯಿತೆಂದೇ ಅರ್ಥ.

ಬಡಗಿ ಯಾಕೆ ಬರುವುದಿಲ್ಲ ಎಂಬುದನ್ನೂ ಅರ್ಥಮಾಡಿಕೊಳ್ಳಬೇಕು. ಬಾಗಿಲಿನ ಒಂದು ಹಿಡಿಕೆ, ಒಂದು ಪಟ್ಟಿಗಾಗಿ ಬಂದರೆ ಅವರ ಅರ್ಧ ದಿನ ಹೋಗುತ್ತದೆ. ದಿನಕ್ಕೊಂದು ದೂರು ಕಳಿಸುವ ಬದಲು ಎಲ್ಲವನ್ನೂ ಒಂದೇ ಭೇಟಿಗೆ ಕೂಡಿಸಿ. ಲ್ಯಾಮಿನೇಟಿನ (ಹಲಗೆಯ ಮೇಲೆ ಅಂಟಿಸುವ ಹಾಳೆಯ) ನಂಬರು, ಪಟ್ಟಿಗಳ ಉದ್ದ, ಬೇಕಾದ ಹಿಂಜ್‌ಗಳ ಸಂಖ್ಯೆ ಮೊದಲೇ ತಿಳಿಸಿ, ಸಾಮಾನು ಕೈಯಲ್ಲಿದೆ ಎಂದ ಮೇಲೆಯೇ ದಿನ ಗೊತ್ತುಮಾಡಿ. ಫೋನಿನಲ್ಲಿ ಆಡಿದ್ದನ್ನು ಅಂದೇ ಮೆಸೇಜಿನಲ್ಲಿ ಬರೆದು ಕಳಿಸಿ: "ಫೋನಿನಲ್ಲಿ ಮಾತಾಡಿದ ಹಾಗೆ ಪಟ್ಟಿಯ 7 ಕೆಲಸಗಳನ್ನು ಶನಿವಾರ ಮುಗಿಸಿಕೊಡುತ್ತೀರಿ. ಮುಗಿದ ಕೂಡಲೇ ಬಾಕಿ ಹಣ ಕೊಡುತ್ತೇವೆ."

ಹಣ ತಡೆಹಿಡಿಯುವುದಾದರೆ ಉಳಿದ ಕೆಲಸದ ಬೆಲೆಗೆ ತಕ್ಕಷ್ಟು ಮಾತ್ರ, ಯಾವುದಕ್ಕೆ ಎಷ್ಟು ಎಂದು ಬರೆದು ತೋರಿಸಿ. ಒಂದು ಸ್ಕರ್ಟಿಂಗ್ ಪಟ್ಟಿಗಾಗಿ ಇಡೀ ಕೊನೆಯ ಕಂತು ಹಿಡಿದರೆ ಅವರಿಗೂ ನಿಮ್ಮ ಮೇಲೆ ನ್ಯಾಯವಾದ ದೂರು ಹುಟ್ಟುತ್ತದೆ. ಹೇಳಿದ ದಿನ ತಪ್ಪಿದರೆ ಇನ್ನೊಂದು ತಾರೀಖು ಕೊಟ್ಟು, ಅದೂ ತಪ್ಪಿದರೆ ಬೇರೆಯವರಿಂದ ಮಾಡಿಸಿ ಖರ್ಚು ಕಳೆಯುವುದಾಗಿ ಬರವಣಿಗೆಯಲ್ಲಿ ತಿಳಿಸಿ. ಬೇರೆಯವರು ಕೈಹಾಕುವ ಮುಂಚೆ ಫೋಟೋ ಮತ್ತು ಅವರ ಅಂದಾಜು ಪಟ್ಟಿ ಇರಲೇಬೇಕು; ಇಲ್ಲದಿದ್ದರೆ ಕೆಡಿಸಿದವರು ಯಾರೆಂದು ಸಾಬೀತಾಗುವುದಿಲ್ಲ.

ಕೆಲಸ ಮುಗಿದ ದಿನ ಬಡಗಿ ಎದುರಿಗೇ ಪಟ್ಟಿಗೆ ಒಂದೊಂದಾಗಿ ಗುರುತು ಹಾಕಿ. ಡ್ರಾಯರುಗಳಲ್ಲಿ ಭಾರ ಇಟ್ಟು ಎಳೆದು ನೋಡಿ. ಸಿಂಕು ತುಂಬಿಸಿ ಒಮ್ಮೆಲೇ ಬಿಟ್ಟು, ಕೆಳಗಿನ ಪೈಪಿನ ಜಾಯಿಂಟ್‌ಗಳನ್ನು ಒಣ ಕಾಗದದಿಂದ ಒರೆಸಿ, ಕಾಗದ ಒದ್ದೆಯಾದರೆ ಅಲ್ಲೇ ಬಿಗಿಸಿಕೊಡಲಿ. ಹೊಸ ಸಿಲಿಕಾನ್ ಹಾಕಿದ್ದರೆ ಈ ನೀರಿನ ಪರೀಕ್ಷೆ ಅದಕ್ಕೂ ಮೊದಲೇ ಆಗಿರಬೇಕು, ಏಕೆಂದರೆ ಆಮೇಲೆ ಸುಮಾರು 24 ಗಂಟೆ ಆ ಜಾಗ ಒಣಗಿರಬೇಕು.