ಸ್ಪ್ಯಾನಿಷ್ ಕ್ರಿಯಾಪದಕ್ಕೆ ನಮ್ಮ ಹ್ರಸ್ವ, ದೀರ್ಘ

‘ಮಾತಾಡುತ್ತೇನೆ’ ಅಂದರೆ ಸಾಕು, ‘ನಾನು’ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ? ಸ್ಪ್ಯಾನಿಷ್‌ನಲ್ಲೂ ಹಾಗೇ. ‘ಆಬ್ಲೊ’ ಅಂದರೆ ಮಾತಾಡುತ್ತೇನೆ. ಅದಕ್ಕೆ ಮೊದಲು ‘ಯೊ’ (ನಾನು) ಸೇರಿಸುವುದು ಒತ್ತಿ ಹೇಳಬೇಕಾದಾಗ ಮಾತ್ರ. ಕನ್ನಡದವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ನಾನು ಮೊದಲು ಹಿಡಿದದ್ದು ಮೂರು ಪದ: ಅಬ್ಲಾರ್ (ಮಾತಾಡು), ಕೊಮೇರ್ (ತಿನ್ನು), ಬಿಬೀರ್ (ವಾಸಿಸು). ಸ್ಪ್ಯಾನಿಷ್ ಕ್ರಿಯಾಪದಗಳ ಮೂಲರೂಪ ಆರ್, ಎರ್, ಇರ್ ಎಂದು ಮುಗಿಯುತ್ತದೆ. ಈ ಮೂರರಂಥ ನಿಯಮಿತ ಪದಗಳಲ್ಲಿ ಆ ತುದಿ ತೆಗೆದು ಹೊಸ ಪ್ರತ್ಯಯ ಹಚ್ಚಬೇಕು, ಅಷ್ಟೇ.

ಪ್ರತ್ಯಯ ಬಾಯಿಪಾಠ ಮಾಡುವುದು ಸುಲಭ. ಒತ್ತು ಎಲ್ಲಿ ಬೀಳುತ್ತದೆ ಅನ್ನುವುದನ್ನು ನಾಲಿಗೆಗೆ ಕಲಿಸುವುದೇ ಜಾಸ್ತಿ ಕೆಲಸ. ಅಲ್ಲಿ ನೆರವಿಗೆ ಬಂದದ್ದು ನಮ್ಮ ಲಿಪಿ. ಒತ್ತು ಬೀಳುವ ಕಡೆ ದೀರ್ಘ, ಮಿಕ್ಕ ಕಡೆ ಹ್ರಸ್ವ ಹಾಕಿ ಬರೆದುಕೊಂಡೆ. ನಾನು, ನೀನು, ಅವನು ಅಥವಾ ಅವಳು, ನಾವು, ಅವರು ಎಂಬ ಕ್ರಮದಲ್ಲಿ:

ಆಬ್ಲೊ, ಆಬ್ಲಸ್, ಆಬ್ಲ, ಅಬ್ಲಾಮೊಸ್, ಆಬ್ಲನ್.
ಕೋಮೊ, ಕೋಮೆಸ್, ಕೋಮೆ, ಕೊಮೇಮೊಸ್, ಕೋಮೆನ್.
ಬೀಬೊ, ಬೀಬೆಸ್, ಬೀಬೆ, ಬಿಬೀಮೊಸ್, ಬೀಬೆನ್.

‘ನಾವು’ ಬಂದ ಕೂಡಲೇ ದೀರ್ಘ ಮುಂದಕ್ಕೆ ಜರುಗುತ್ತದೆ, ನೋಡಿ. ಈ ಸಾಲುಗಳಲ್ಲಿ ಎರ್, ಇರ್ ಗುಂಪುಗಳ ಪ್ರತ್ಯಯ ಬೇರೆಯಾಗುವುದೂ ಅಲ್ಲೇ. ದೀರ್ಘವನ್ನು ನಮ್ಮಷ್ಟು ಎಳೆಯಬೇಡಿ, ಅಲ್ಲಿ ದನಿಗೆ ಸ್ವಲ್ಪ ಬಲ ಕೊಟ್ಟರೆ ಸಾಕು. ‘ಆಬ್ಲ’ದ ಕೊನೆಯ ‘ಅ’ ಹೇಳುವಾಗ ಬಾಯಿ ಚೆನ್ನಾಗಿ ತೆರೆಯಲಿ.

‘ನೀವೆಲ್ಲ’ ಅನ್ನಲು ಸ್ಪೇನಿನಲ್ಲಿ ಆಪ್ತರ ನಡುವೆ ಅಬ್ಲಾಯ್ಸ್, ಕೊಮೇಯ್ಸ್, ಬಿಬೀಸ್ ಎಂಬ ರೂಪಗಳಿವೆ. ಲ್ಯಾಟಿನ್ ಅಮೆರಿಕದಲ್ಲಿ ‘ಉಸ್ತೇದೆಸ್ ಆಬ್ಲನ್’ ಅಂದರೆ ಮುಗಿಯಿತು, ‘ಅವರು’ ರೂಪವೇ ನಡೆಯುತ್ತದೆ. ನಾನು ಅದನ್ನೇ ಮೊದಲು ಕಲಿತೆ, ಹೊಸಬರಿಗೂ ಅದನ್ನೇ ಹೇಳುತ್ತೇನೆ.

ಗೌರವದ ವಿಷಯದಲ್ಲಿ ಮಾತ್ರ ನಮ್ಮ ಅಭ್ಯಾಸ ಬಿಡಬೇಕು. ಹಿರಿಯರೊಬ್ಬರಿಗೆ ನಾವು ಬಹುವಚನ ಹಾಕುತ್ತೇವೆ. ಅಲ್ಲಿ ‘ಉಸ್ತೇದ್’ (ಒಬ್ಬರಿಗೇ ಹೇಳುವ ಗೌರವದ ‘ನೀವು’) ಜೊತೆ ಬರುವುದು ಏಕವಚನದ ‘ಆಬ್ಲ’. ‘ಮಾತಾಡುತ್ತಾನೆ’, ‘ಮಾತಾಡುತ್ತಾಳೆ’ ಎರಡಕ್ಕೂ ಅದೇ ‘ಆಬ್ಲ’. ಹಾಗಾಗಿ ಯಾರೆಂದು ಗೊಂದಲವಾಗುವ ಕಡೆ ಸರ್ವನಾಮ ಹೇಳಲೇಬೇಕು.

ಸಾಲುಗಳನ್ನು ಸುಮ್ನೆ ಜಪಿಸುವ ಬದಲು ಪ್ರಶ್ನೆ, ಉತ್ತರ ಮಾಡಿಕೊಂಡೆ. ‘ದೋಂದೆ ಬೀಬೆಸ್?’ ಅಂದರೆ ಎಲ್ಲಿ ವಾಸ? ‘ಬೀಬೊ ಎನ್ ಮೈಸೂರು.’ ಪ್ರಶ್ನೆಯಲ್ಲಿ ‘ಎಸ್’, ಉತ್ತರದಲ್ಲಿ ‘ಒ’. ಇದು ಬಾಯಿಗೆ ಹತ್ತಿದ ಮೇಲೆ ತ್ರಬಹಾರ್ (ಕೆಲಸ ಮಾಡು) ತೆಗೆದುಕೊಂಡೆ: ‘ತ್ರಬಾಹಸ್?’ ‘ಸೀ, ತ್ರಬಾಹೊ.’ ಆಮೇಲೆ ಎಸ್ಕ್ರಿಬೀರ್ (ಬರೆ): ಎಸ್ಕ್ರೀಬೆಸ್, ಎಸ್ಕ್ರೀಬೊ.