ಬಿಡಿ ಪಟ್ಟಿಗಿಂತ ಮೊದಲು: ಇಡೀ ಸಂಗ್ರಹದ ವಿವರಣೆ ಬರೆಯುವ ಬಗೆ

ಶಿರಸಿ, ಸಿದ್ದಾಪುರದ ಕಡೆ ಹಳೆಯ ಮನೆಯ ಅಟ್ಟದಿಂದ ಇಳಿದ ಕಾಗದಪತ್ರ ಊರಿನ ಗ್ರಂಥಾಲಯಕ್ಕೆ ಬಂದರೆ ಸಾಮಾನ್ಯವಾಗಿ ಮರುದಿನವೇ ಒಂದೊಂದರ ಪಟ್ಟಿ ಶುರುವಾಗುತ್ತದೆ. ಮೊದಲ ಕಟ್ಟಿನ ಚೀಟಿ ಚೀಟಿಗೂ ಒಂದು ಸಾಲು ಸಿಗುತ್ತದೆ. ಅಷ್ಟರಲ್ಲಿ ಕೈ ಸೋಲುತ್ತದೆ, ಉಳಿದ ಕಟ್ಟುಗಳು ಬೀರು ಸೇರುತ್ತವೆ. ಅವು ಅಲ್ಲಿವೆ ಎಂಬುದೇ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಮೊದಲು ಇಡೀ ಸಂಗ್ರಹಕ್ಕೆ ಒಂದೇ ವಿವರಣೆ ಬರೆಯಿರಿ, ಒಂದೆರಡು ಪುಟ ಸಾಕು. ಬಿಡಿ ಪಟ್ಟಿ ಆಮೇಲೆ.

ಕಟ್ಟು ಬಿಚ್ಚುವ ಮುನ್ನ

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದ ತೇವ ಹೀರಿ ಉಬ್ಬಿರುತ್ತದೆ, ಬಿಡಿಸಹೋದರೆ ಹರಿಯುತ್ತದೆ. ದೀಪಾವಳಿ ಕಳೆಯಲಿ. ಮೊದಲು ಬಂದ ಸ್ಥಿತಿಯಲ್ಲೇ ಫೋಟೋ ತೆಗೆಯಿರಿ: ಯಾವ ಟ್ರಂಕಿನಲ್ಲಿ ಯಾವ ಕಟ್ಟು, ಮೇಲೆ ಯಾವುದು, ಅಡಿಯಲ್ಲಿ ಯಾವುದು. ನಂತರ ಕಟ್ಟಿಗೊಂದು ಸಂಖ್ಯೆ ಕೊಟ್ಟು, ಚೀಟಿಯ ಮೇಲೆ ಪೆನ್ಸಿಲ್‌ನಲ್ಲಿ ಬರೆದು, ಹತ್ತಿಯ ಲಾಡಿಯಿಂದ ಕಟ್ಟಿ. ಗುಂಡುಸೂಜಿ ತುಕ್ಕು ಹಿಡಿಯುತ್ತದೆ, ರಬ್ಬರ್‌ಬ್ಯಾಂಡ್ ಕರಗಿ ಅಂಟಿಕೊಳ್ಳುತ್ತದೆ. ಬಟ್ಟೆಯ ಹಳೆಯ ಕಡತವಿದ್ದರೆ ಒದ್ದೆ ಬಟ್ಟೆ ತಾಗಿಸಲೇಬೇಡಿ. ಕಪ್ಪು ಬಟ್ಟೆಯ ಮೇಲೆ ಬಳಪದಲ್ಲಿ ಬರೆದ ಅಕ್ಷರ ಒರೆಸಿದರೆ ಹೋಗಿಯೇಬಿಡುತ್ತದೆ.

ತಾಳೆಗರಿ ಒಂದು ಕಡೆ, ಪತ್ರ ಒಂದು ಕಡೆ, ಅಡಿಕೆ ಲೆಕ್ಕ ಇನ್ನೊಂದು ಕಡೆ ಎಂದು ವಿಂಗಡಿಸುವ ಆಸೆ ಎಲ್ಲರಿಗೂ ಆಗುತ್ತದೆ. ಅತಿ ಹೆಚ್ಚು ಹಾನಿ ಆಗುವುದು ಅಲ್ಲೇ. ಬ್ರಿಟಿಷರಿಗೆ ಕಂದಾಯ ಕೊಡೆವೆಂದ ಕರನಿರಾಕರಣೆಯ ಕಾಲದ ಕಿರ್ದಿ (ದಿನದ ಜಮಾಖರ್ಚಿನ) ಪುಸ್ತಕವೊಂದರ ನಡುವೆ ಜಪ್ತಿ ನೋಟೀಸು ಮಡಿಸಿಟ್ಟಿದೆ ಎಂದುಕೊಳ್ಳಿ. ಅದನ್ನು ಎತ್ತಿ ‘ಸ್ವಾತಂತ್ರ್ಯ ಚಳವಳಿ’ ಎಂಬ ಫೈಲಿಗೆ ಹಾಕಿದರೆ ನೋಟೀಸೇನೋ ಉಳಿಯುತ್ತದೆ. ಆದರೆ ಅದೇ ಪುಟದಲ್ಲಿ ಆ ತಿಂಗಳು ತೀರುವೆಯ (ಭೂಕಂದಾಯದ) ಖರ್ಚು ಬಿದ್ದಿಲ್ಲ, ಮುಂದಿನ ವಾರವೇ ಸಾಲ ತಂದ ಜಮೆ ಇದೆ ಎಂಬ ಸಂಬಂಧ ಕಡಿದುಹೋಗುತ್ತದೆ. ಕೂಡಿಟ್ಟವರು ಇಟ್ಟ ಕ್ರಮವೂ ಒಂದು ದಾಖಲೆಯೇ. ಅದು ಹಾಗೇ ಇರಲಿ.

ಏನು ಬರೆಯಬೇಕು

ಸಂಗ್ರಹದ ವಿವರಣೆ ಬರೆಯಲು ಅಂತರರಾಷ್ಟ್ರೀಯ ದಾಖಲಾಗಾರ ಮಂಡಳಿ ಮಾಡಿದ ಐಸ್ಯಾಡ್-ಜಿ ಮಾನಕದಲ್ಲಿ 26 ಅಂಶಗಳಿವೆ. ಅವುಗಳಲ್ಲಿ ಆರು ಅತ್ಯಗತ್ಯ: ಗುರುತು ಸಂಖ್ಯೆ, ಶೀರ್ಷಿಕೆ, ಸಂಗ್ರಹ ಯಾರಿಂದ ಹುಟ್ಟಿತು, ಕಾಲ, ಗಾತ್ರ, ವಿವರಣೆಯ ಮಟ್ಟ. ಕೊನೆಯದಕ್ಕೆ ‘ಇಡೀ ಸಂಗ್ರಹ’ ಎಂದು ಬರೆದರೆ ಮುಗಿಯಿತು.

ಶೀರ್ಷಿಕೆಯಲ್ಲಿ ‘ಅಮೂಲ್ಯ’, ‘ಅಪರೂಪದ’ ಬೇಡ. ಯಾರದ್ದು, ಎಂಥದ್ದು ಎಂದಷ್ಟೇ ಇರಲಿ. ತಂದುಕೊಟ್ಟವರೂ ಕೂಡಿಟ್ಟವರೂ ಬೇರೆಯಾಗಿದ್ದರೆ ಇಬ್ಬರನ್ನೂ ಬೇರೆಬೇರೆಯಾಗಿ ನಮೂದಿಸಿ. ಕಾಗದ ಹುಟ್ಟಿದ್ದು ಅಜ್ಜನ ಕೈಯಲ್ಲಿ, ತಂದುಕೊಟ್ಟದ್ದು ಮೊಮ್ಮಗಳು ಎಂಬುದು ನಮ್ಮ ಕಡೆ ಸಾಮಾನ್ಯ.

ಕಾಲದ ವಿಷಯದಲ್ಲಿ ಎಚ್ಚರ ಬೇಕು. ಸಂವತ್ಸರದ ಹೆಸರು ಮಾತ್ರ ಇದ್ದರೆ ಇಸವಿ ತೀರ್ಮಾನಿಸಬೇಡಿ. ಪ್ರಮೋದೂತ 1870-71ರಲ್ಲೂ ಬಂದಿದೆ, 1930-31ರಲ್ಲೂ ಬಂದಿದೆ. ಜೊತೆಗೆ ಶಕವರ್ಷವಿದ್ದರೆ 78 ಕೂಡಿಸಿ. ಜನವರಿಯಿಂದ ಯುಗಾದಿಯವರೆಗಿನ ದಿನಗಳಿಗೆ 79. ಊಹಿಸಿದ ಇಸವಿಗೆ ‘ಸುಮಾರು’ ಎಂದು ಸೇರಿಸಿ. ಒಂದೆರಡು ಹಳೆಯ ಓಲೆಗಳಿಂದ ಅವಧಿ ವಿಪರೀತ ಉದ್ದವಾದರೆ ‘1870-1961, ಬಹುಪಾಲು 1925-1950’ ಎಂಬಂತೆ ಬರೆಯಿರಿ. ಓದುಗನಿಗೆ ಬೇಕಾದದ್ದು ಆ ‘ಬಹುಪಾಲು’.

ಗಾತ್ರವನ್ನು ಅಳತೆಪಟ್ಟಿ ಹಿಡಿದೇ ಬರೆಯಿರಿ. ಕಟ್ಟುಗಳನ್ನು ಪುಸ್ತಕದಂತೆ ನಿಲ್ಲಿಸಿ, ಒತ್ತದೆ, ಸಾಲಿನ ಉದ್ದ ನೋಡಿ. ‘ನೂರಾರು ಕಾಗದ’ ಎಂದರೆ ನೋಡಲು ಬರುವವರಿಗೆ ಒಂದು ದಿನ ಬೇಕೋ ಒಂದು ವಾರವೋ ತಿಳಿಯುವುದಿಲ್ಲ, ‘1.8 ಮೀಟರ್, 14 ಕಟ್ಟು’ ಎಂದರೆ ತಿಳಿಯುತ್ತದೆ. ಯಕ್ಷಗಾನ ಮೇಳದ ವೇಷಭೂಷಣದಂಥ ವಸ್ತುಸಂಗ್ರಹವಾದರೆ ಎಣಿಕೆ ಸಾಕು: ಕಿರೀಟ ಎಷ್ಟು, ಭುಜಕೀರ್ತಿ ಎಷ್ಟು ಜೊತೆ.

ಈ ಆರರ ಮೇಲೆ ಒಳವಸ್ತುವಿನ ಬಗ್ಗೆ ಒಂದು ಪ್ಯಾರಾ ಬರೆಯಿರಿ. ಅದಕ್ಕೆ ಎಲ್ಲವನ್ನೂ ಓದಬೇಕಿಲ್ಲ, ಪ್ರತಿ ಕಟ್ಟಿನ ಮೊದಲು, ನಡು, ಕೊನೆ ನೋಡಿದರೆ ಸಾಕು. ಭಾಷೆ ಮತ್ತು ಲಿಪಿ ಬೇರೆಬೇರೆಯಾಗಿ ಬರಲಿ. ಸಂಸ್ಕೃತ ತಿಗಳಾರಿಯಲ್ಲಿರಬಹುದು, ಮರಾಠಿ ಮೋಡಿಯಲ್ಲಿ, ಕೊಂಕಣಿ ಕನ್ನಡದಲ್ಲೋ ನಾಗರಿಯಲ್ಲೋ ರೋಮನ್‌ನಲ್ಲೋ. ‘ಹಳೆಯ ಲಿಪಿ’ ಎಂದು ಬರೆದರೆ ಓದಬಲ್ಲವರು ಹುಡುಕಿ ಬರುವುದಿಲ್ಲ. ಏನಿಲ್ಲ ಎಂಬುದನ್ನೂ ಹೇಳಿ: ನಡುವಿನ ಮೂರು ವರ್ಷದ ಕಿರ್ದಿ ಇಲ್ಲ, ಎರಡು ಕಟ್ಟಿಗೆ ಒರಲೆ (ಗೆದ್ದಲು) ಹಿಡಿದಿದೆ.

ಊರ ಹೆಸರು ಕಾಗದದಲ್ಲಿದ್ದಂತೆಯೇ ಬರೆದು ಪಕ್ಕದಲ್ಲಿ ಇಂದಿನದನ್ನು ಕೊಡಿ. ಸೂಪಾ ಊರು ಕಾಳಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು, ಇಂದು ತಾಲೂಕು ಜೋಯಿಡಾ. ‘ಸೂಪಾ’ ಎಂದು ಹುಡುಕಿದರೂ ‘ಜೋಯಿಡಾ’ ಎಂದು ಹುಡುಕಿದರೂ ಸಿಗಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಸಂಬಂಧಿಸಿದ ಸರಕಾರಿ ಕಾಗದ ಚೆನ್ನೈ, ಮುಂಬೈ, ಬೆಂಗಳೂರು ಮೂರೂ ಕಡೆ ಇರಬಹುದೆಂದು ಒಂದು ಸಾಲು ಸೇರಿಸಿ.

ಒಬ್ಬರು ಜೀವಮಾನವಿಡೀ ಕೂಡಿಸಿದ ಪುಸ್ತಕಗಳು ಗ್ರಂಥಾಲಯಕ್ಕೆ ಬಂದು ವಿಷಯವಾರು ಕಪಾಟುಗಳಿಗೆ ಹಂಚಿಹೋದ ಮೇಲೆ, ಅವು ಒಬ್ಬರದ್ದೇ ಎಂದು ಹೇಳಲು ಉಳಿಯುವುದು ಸಂಗ್ರಹದ ದಾಖಲೆ ಮಾತ್ರ. ಕೋಹಾ ಎಂಬ ಗ್ರಂಥಾಲಯ ತಂತ್ರಾಂಶದಲ್ಲಿ ಮಾರ್ಕ್ 21 ಎಂಬ ಸೂಚಿ ನಮೂನೆ ಬಳಸುವವರು ದಾಖಲೆಯ ಮೊದಲ ಭಾಗವಾದ ಲೀಡರ್‌ನ 7ನೇ ಸ್ಥಾನದಲ್ಲಿ ಸಂಗ್ರಹ ಎಂದು ಸೂಚಿಸುವ ಇಂಗ್ಲಿಷಿನ ‘ಸಿ’ ಅಕ್ಷರ ಹಾಕಬೇಕು. ಗಾತ್ರ 300ನೇ ಅಂಕಣದಲ್ಲಿ, ಸಾರಾಂಶ 520ರಲ್ಲಿ, ಎಲ್ಲಿಂದ ಬಂತು ಎಂಬುದು 561ರಲ್ಲಿ, ನೋಡಲು ನಿರ್ಬಂಧವಿದ್ದರೆ 506ರಲ್ಲಿ. ದಾಯಾದಿ ವ್ಯಾಜ್ಯ, ಜಾತಕ, ಕಾಯಿಲೆಯ ಕಾಗದಗಳಿಗೆ ನಿರ್ಬಂಧ ಬೇಕಾಗಬಹುದು. ಎಲ್ಲಿಯವರೆಗೆ, ಯಾರ ಒಪ್ಪಿಗೆಯಿಂದ ಎಂಬುದನ್ನು ಕೊಡುವ ಮನೆಯವರೊಡನೆ ಆಗಲೇ ಮಾತಾಡಿ ಬರೆದಿಡಿ.

ಬರೆದಾದ ಮೇಲೆ ಹೀಗೆ ಕಾಣಬೇಕು (ಇದು ಕಲ್ಪಿತ):

ಗುರುತು: ಶಿರಸಿ/ಮ/07. ಸಿದ್ದಾಪುರ ತಾಲೂಕಿನ ಅಡಿಕೆ ಬೆಳೆಗಾರ ಮನೆತನದ ಕಾಗದಪತ್ರ. ಸುಮಾರು 1870-1961, ಬಹುಪಾಲು 1925-1950. 1.8 ಮೀಟರ್, 14 ಕಟ್ಟು, 2 ಟ್ರಂಕು. ಇಡೀ ಸಂಗ್ರಹ. ಕಿರ್ದಿ, ಖತಾವಣಿ, ಅಡಿಕೆ ಪಟ್ಟಿಗಳು, ಸೊಪ್ಪಿನ ಬೆಟ್ಟದ ತಕರಾರಿನ ಅರ್ಜಿಗಳು, ಕೈಬರಹದ 9 ಯಕ್ಷಗಾನ ಪ್ರಸಂಗ. ಕನ್ನಡ, ಒಂದು ಕಟ್ಟು ತಿಗಳಾರಿ ಲಿಪಿಯ ಸಂಸ್ಕೃತ. 3 ಮತ್ತು 11ನೇ ಕಟ್ಟಿಗೆ ಒರಲೆ.

ಕೆಳಗೆ ಬರೆದವರ ಹೆಸರು, ತಾರೀಖು ಹಾಕಿ. ಒಂದು ಪ್ರತಿ ಟ್ರಂಕಿನ ಜೊತೆ, ಇನ್ನೊಂದು ಬೇರೆ ಕಟ್ಟಡದಲ್ಲಿರಲಿ. ಹೊಸ ಕಟ್ಟು ಬಂದು ಸೇರಿದಾಗ ಹಳೆಯ ವಿವರಣೆಯನ್ನು ಅಳಿಸದೆ, ಕೆಳಗೆ ಹೊಸ ತಾರೀಖಿನೊಂದಿಗೆ ಸೇರಿಸುತ್ತ ಹೋಗಿ.