ಮ್ಯಾನೇಜರ್ ಒಬ್ಬರೇ, ‘ದೇ’ ಯಾಕೆ?

ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಮ್ಯಾನೇಜರ್ ರಜೆಯಲ್ಲಿದ್ದರು. ಚೆನ್ನೈನ ಕ್ಲೈಂಟ್‌ಗೆ ನಾನೇ ಮೇಲ್ ಬರೆದೆ: ‘ಮೈ ಮ್ಯಾನೇಜರ್ ಆರ್ ಆನ್ ಲೀವ್. ದೇ ವಿಲ್ ಬಿ ಬ್ಯಾಕ್ ಆನ್ ಮಂಡೇ.’ ಹತ್ತು ನಿಮಿಷಕ್ಕೆ ಉತ್ತರ ಬಂತು. ನಿಮ್ಮ ಮ್ಯಾನೇಜರ್‌ಗಳೆಲ್ಲ ಒಟ್ಟಿಗೆ ರಜೆ ಹಾಕಿದ್ದಾರಾ, ಹಾಗಾದ್ರೆ ಬಿಲ್ ಪಾಸ್ ಮಾಡೋರು ಯಾರು ಅಂತ. ತಮಾಷೆಯಲ್ಲ, ನಿಜವಾಗಿಯೂ ಗಾಬರಿಯಾಗಿದ್ದರು.

ನಾನು ಕನ್ನಡ ಮೀಡಿಯಂ. ನಮಗೆ ಇಂಗ್ಲಿಷ್ ಶುರುವಾಗಿದ್ದೇ ಐದನೇ ಕ್ಲಾಸಿನಲ್ಲಿ. ಹೀ, ಶೀ, ಇಟ್ ಬಂದರೆ ಕ್ರಿಯಾಪದಕ್ಕೆ ‘ಎಸ್’ ಹಚ್ಚಬೇಕು ಅನ್ನೋದು ಬಾಯಿಪಾಠವಾಗಿತ್ತು. ಆದರೂ ತಪ್ಪುತ್ತಿತ್ತು. ಒಂದು ಭಾನುವಾರ ಕೂತು, ಕಳಿಸಿದ್ದ ಹಳೇ ಮೇಲ್‌ಗಳನ್ನೆಲ್ಲ ಓದಿ, ತಪ್ಪಿದ ವಾಕ್ಯಗಳನ್ನು ಡೈರಿಯಲ್ಲಿ ಬರೆದುಕೊಂಡೆ. ಪಕ್ಕದಲ್ಲಿ ಅದೇ ಮಾತನ್ನು ಕನ್ನಡದಲ್ಲಿ ಬರೆದೆ. ಕಳ್ಳ ಸಿಕ್ಕಿಬಿದ್ದ.

ಕಳ್ಳನ ಹೆಸರು ಮರ್ಯಾದೆ. ‘ಮ್ಯಾನೇಜರ್ ಬಂದರು’, ‘ಅಪ್ಪ ಊರಿಗೆ ಹೋಗಿದ್ದಾರೆ’. ನಮ್ಮಲ್ಲಿ ಒಬ್ಬರಿಗೂ ಬಹುವಚನ. ಇಂಗ್ಲಿಷ್ ಸುಮ್ನೆ ತಲೆ ಎಣಿಸುತ್ತದೆ, ಅಷ್ಟೇ. ಅಪ್ಪ ಒಬ್ಬರೇ, ಹಾಗಾಗಿ ‘ಮೈ ಫಾದರ್ ಹ್ಯಾಸ್ ಗಾನ್’. ಇನ್ನೊಂದು ತೊಡಕೂ ಇದೆ. ‘ಅವರು’ ಅಂದರೆ ಗಂಡೋ ಹೆಣ್ಣೋ ಹೇಳಬೇಕಿಲ್ಲ, ಅಲ್ವಾ? ಇಂಗ್ಲಿಷಿಗೆ ಹೋದ ತಕ್ಷಣ ಹೀನೋ ಶೀನೋ ಆರಿಸಬೇಕು. ಆ ಅರೆಗಳಿಗೆಯಲ್ಲಿ ನಾಲಿಗೆ ಜಾರಿ ಟೀಚರಮ್ಮ ‘ಹೀ’ ಆಗಿಬಿಡುತ್ತಾರೆ.

ಮಜಾ ಅಂದರೆ, ಇಂಗ್ಲಿಷಿಗೂ ಒಂದು ಕಾಲದಲ್ಲಿ ಈ ಮರ್ಯಾದೆ ಗೊತ್ತಿತ್ತು. ‘ದೌ’ ಅಂದರೆ ನೀನು, ‘ಯೂ’ ಅಂದರೆ ನೀವು. ಬರಬರುತ್ತಾ ‘ದೌ’ ಬಳಕೆ ತಪ್ಪಿತು, ಎಲ್ಲರೂ ‘ಯೂ’ ಆದರು. ಅದಕ್ಕೇ ಎದುರಿಗಿರೋದು ಒಬ್ಬನೇ ಆದರೂ ‘ಯೂ ಆರ್’. ಶಾಲೆಯಲ್ಲಿ ಯಾರಾದರೂ ಇದನ್ನು ಹೇಳಿದ್ದರೆ ಎಷ್ಟು ಬಾಯಿಪಾಠ ಉಳಿಯುತ್ತಿತ್ತು!

ಡೈರಿಯಲ್ಲಿ ಜಾಸ್ತಿ ಇದ್ದದ್ದು ಮಾತ್ರ ಬೇರೆ ತಪ್ಪು. ‘ದ ಲಿಸ್ಟ್ ಆಫ್ ಪೆಂಡಿಂಗ್ ಬಿಲ್ಸ್ ಆರ್ ಅಟ್ಯಾಚ್ಡ್.’ ‘ಬಿಲ್ಸ್’ ಪಕ್ಕದಲ್ಲೇ ಇರೋದರಿಂದ ‘ಈಸ್’ ಬದಲು ಕೈ ತಾನಾಗಿ ‘ಆರ್’ ಬರೆಯುತ್ತದೆ. ಇದನ್ನೇ ಕನ್ನಡದಲ್ಲಿ ಹೇಳಿ ನೋಡಿ: ‘ಬಾಕಿ ಬಿಲ್ಲುಗಳ ಪಟ್ಟಿ ಇದೆ.’ ‘ಪಟ್ಟಿ ಇವೆ’ ಅಂತ ಮಕ್ಕಳೂ ಹೇಳಲ್ಲ. ಇಲ್ಲಿ ‘ಪಟ್ಟಿ’ ಯಜಮಾನ, ‘ಬಿಲ್ಲುಗಳು’ ಅವನ ಪರಿವಾರ. ನಮ್ಮಲ್ಲಿ ಪರಿವಾರ ಮುಂದೆ, ಯಜಮಾನ ಹಿಂದೆ. ಕ್ರಿಯಾಪದಕ್ಕೆ ಒತ್ತಿಕೊಂಡೇ ಕೂರುತ್ತಾನೆ. ಇಂಗ್ಲಿಷಿನಲ್ಲಿ ಯಜಮಾನ ಮುಂದೆ ಹೋಗಿಬಿಡುತ್ತಾನೆ, ನಡುವೆ ಪರಿವಾರ ನುಗ್ಗುತ್ತದೆ. ಹಾಗಾಗಿ ಅನುಮಾನ ಬಂದಾಗ ವಾಕ್ಯವನ್ನು ಮನಸ್ಸಲ್ಲೇ ಕನ್ನಡಕ್ಕೆ ತಿರುಗಿಸಿ ಯಜಮಾನನನ್ನು ಹಿಡಿಯುತ್ತೇನೆ. ‘ನನ್ನ ಗೆಳೆಯರಲ್ಲಿ ಒಬ್ಬ ಹಾಡುತ್ತಾನೆ.’ ಯಜಮಾನ ‘ಒಬ್ಬ’. ಅಲ್ಲಿಗೆ ‘ಒನ್ ಆಫ್ ಮೈ ಫ್ರೆಂಡ್ಸ್ ಸಿಂಗ್ಸ್’. ದುಡ್ಡಿನ ವಿಷಯದಲ್ಲೂ ಕನ್ನಡ ಕೈ ಬಿಡಲ್ಲ. ‘ಐದು ಸಾವಿರ ರೂಪಾಯಿ ಆಗುತ್ತದೆ’ ಅಂತೀವಿ, ‘ಆಗುತ್ತವೆ’ ಅನ್ನಲ್ಲ. ಇಂಗ್ಲಿಷಿನಲ್ಲೂ ‘ಫೈವ್ ಥೌಸಂಡ್ ರುಪೀಸ್ ಈಸ್ ಇನಫ್’.

ಎರಡು ಕಡೆ ಮಾತ್ರ ಈ ಉಪಾಯ ನಂಬಿದರೆ ಕೆಟ್ಟಿರಿ. ಒಂದು, ‘ಎಲ್ಲರೂ ಬಂದಿದ್ದಾರೆ’. ಇಂಗ್ಲಿಷಿನಲ್ಲಿ ‘ಎವ್ರಿವನ್ ಹ್ಯಾಸ್ ಕಮ್’. ಆ ಪದದೊಳಗೆ ‘ವನ್’ ಕೂತಿದೆ ಅಂತ ನೆನಪಿಟ್ಟುಕೊಂಡೆ. ಆಮೇಲೆ ಬರೋದು ‘ದೇರ್’: ‘ಎವ್ರಿವನ್ ಹ್ಯಾಸ್ ಸೈನ್ಡ್ ದೇರ್ ಫಾರ್ಮ್’. ಹಳೇ ಮೇಷ್ಟ್ರುಗಳು ‘ಹಿಸ್’ ಬರೆಸುತ್ತಿದ್ದರು. ಒಬ್ಬರಿಗೆ ‘ದೇ’ ಅನ್ನೋದು ಈಗಿನ ಫ್ಯಾಷನ್ ಏನಲ್ಲ, 14ನೇ ಶತಮಾನದಿಂದ ಇದೆ. 2019ರಲ್ಲಿ ಮೆರಿಯಮ್ ವೆಬ್‌ಸ್ಟರ್ ನಿಘಂಟಿನವರು ‘ದೇ’ಯನ್ನೇ ವರ್ಷದ ಪದವಾಗಿ ಆರಿಸಿದರು. ಇದನ್ನು ಓದಿದಾಗ ಆ ಹಳೇ ಮೇಲ್ ಸರಿ ಇತ್ತೇನೋ ಅಂತ ಒಂದು ಆಸೆ ಹುಟ್ಟಿತು. ಆದರೆ ನಮ್ಮ ಮ್ಯಾನೇಜರಿಗೆ ಗಿರಿಜಾ ಮೀಸೆ. ‘ಹೀ’ ಅನ್ನೋಕೆ ಏನು ಕಷ್ಟವಿತ್ತು? ಅದೂ ಅಲ್ಲದೆ ‘ಮ್ಯಾನೇಜರ್ ಆರ್’ ಅಂತೂ ಯಾವ ಲೆಕ್ಕಕ್ಕೂ ಸರಿಹೋಗಲ್ಲ.

‘ಐ’, ‘ಮಿ’ ಗೊಂದಲ ಬೇಗ ಬಗೆಹರಿಯಿತು. ‘ಹೀ ಕಾಲ್ಡ್ ರವಿ ಅಂಡ್ ಐ’ ಅಂತ ಬರೆಯುತ್ತಿದ್ದೆ. ರವಿಯನ್ನು ಹೊರಗೆ ಕಳಿಸಿ ಓದಿ, ‘ಹೀ ಕಾಲ್ಡ್ ಐ’ ಕಿವಿಗೇ ಚುಚ್ಚುತ್ತದೆ. ‘ನನ್ನನ್ನು’ ಅನ್ನುವ ಕಡೆ ‘ಮಿ’.

ಉಪಾಯ ಕೈ ಕೊಡುವ ಎರಡನೇ ಜಾಗ ಇವತ್ತಿಗೂ ನನ್ನನ್ನು ಕಾಡುತ್ತದೆ. ಮಾತಾಡುವಾಗ ನಾವು ‘ಎರಡು ಬಿಲ್ ಇದೆ’ ಅಂತೀವಿ. ‘ಬಿಲ್ಲುಗಳು ಇವೆ’ ಅನ್ನೋದು ಪುಸ್ತಕದಲ್ಲಿ. ಬರೆಯುವಾಗ ನೋಡಿಕೊಂಡು ‘ಟೂ ಬಿಲ್ಸ್ ಆರ್’ ಮಾಡುತ್ತೇನೆ. ಫೋನಿನಲ್ಲಿ ಆ ಪುರುಸೊತ್ತು ಎಲ್ಲಿದೆ? ಹೋದ ವಾರ ಪುಣೆಯ ಆಫೀಸಿಗೆ ಫೋನ್ ಮಾಡಿ ‘ತ್ರೀ ಇನ್ವಾಯ್ಸ್ ಈಸ್ ಪೆಂಡಿಂಗ್’ ಅಂದೇಬಿಟ್ಟೆ. ನಾಲಿಗೆ ಕಚ್ಚಿಕೊಂಡೆ. ಆ ಕಡೆಯಿಂದ ‘ಯೆಸ್ ಸಾರ್, ತ್ರೀ ಈಸ್ ದೇರ್’ ಅಂತ ಉತ್ತರ ಬಂತು. ಆಮೇಲೆ ಗೊತ್ತಾಯಿತು, ಅವರು ಹುಬ್ಬಳ್ಳಿಯವರಂತೆ.